ಮೂಟೆ ಎತ್ತುವಾಗ ಹೊಟ್ಟೆ ಒಳಗೆ ಎಳೆಯಬೇಕಾ, ಬಿಗಿ ಹಿಡಿಯಬೇಕಾ?

ದಿನಸಿ ಅಂಗಡಿಯವ:
ನಮಸ್ಕಾರ. ತುಮಕೂರಿನಲ್ಲಿ ನಮ್ಮದೊಂದು ದಿನಸಿ ಅಂಗಡಿ. 25 ಕೆಜಿ ಅಕ್ಕಿ ಚೀಲ, 50 ಕೆಜಿ ಸಕ್ಕರೆ ಮೂಟೆ ಇಳಿಸಿ ಜೋಡಿಸುವುದು ಇದ್ದೇ ಇರುತ್ತದೆ. ಉಳಿದ ಹೊತ್ತು ಗಲ್ಲಾ ಮುಂದೆ ಕೂತಿರುತ್ತೇನೆ. ಸಂಜೆಯಾದರೆ ನಡು ಹಿಡಿದುಕೊಳ್ಳುತ್ತದೆ ಅಂತ ಜಿಮ್ ಸೇರಿದೆ. ಟ್ರೈನರ್ ‘ಕೋರ್ ಟೈಟ್, ಹೊಟ್ಟೆ ಒಳಗೆ’ ಅನ್ನುತ್ತಾರೆ. ಒಳಗೆ ಎಳೆದರೆ ಉಸಿರೇ ಆಡುವುದಿಲ್ಲ, ಭುಜ ಕಿವಿ ಹತ್ರ ಹೋಗುತ್ತದೆ. ಮನೆಯವಳ ಯೋಗ ಕ್ಲಾಸಿನಲ್ಲಿ ಉಸಿರು ತಗೊಂಡಾಗ ಹೊಟ್ಟೆ ಉಬ್ಬಬೇಕು ಅಂತಾರಂತೆ. ಯಾವುದು ಸರಿ?

ಜಿಮ್ ಹುಡುಗ:
ಭಾರ ಎತ್ತುವಾಗ ಸೊಂಟಕ್ಕೆ ಕಟ್ಟುವ ಒಂದು ಬೆಲ್ಟ್ ತಗೊಳ್ಳಿ ಸರ್, ಮುಗೀತು.

ಗರಡಿ ಫಿಸಿಯೋ:
ಬೆಲ್ಟ್ ವಿಷಯ ಆಮೇಲೆ ನೋಡೋಣ. ನಾನು ಮೈಸೂರಿನ ಗರಡಿಯಲ್ಲಿ ದಂಡ, ಬಸ್ಕಿ ಹೊಡೆದು ಬೆಳೆದವನು. ಈಗ ಫಿಸಿಯೋಥೆರಪಿ ನನ್ನ ಕೆಲಸ. ನಿಮ್ಮ ಮನೆಯವರ ಕ್ಲಾಸಿನವರು ಹೇಳಿದ್ದು ಸರಿ, ಆದರೆ ಅರ್ಧ.

ಉಸಿರು ತಗೊಂಡಾಗ ಎದೆಗೂಡಿನ ಕೆಳಗಿರುವ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು, ಕೆಳಕ್ಕೆ ಇಳಿಯುತ್ತದೆ. ಹೊಟ್ಟೆ ಒಳಗೆ ಒತ್ತಡ ಏರುತ್ತದೆ. ಆಗ ಸೊಂಟ ಸುತ್ತುವ ಸ್ನಾಯು, ಬೆನ್ನುಮೂಳೆ ಪಕ್ಕದ ಸ್ನಾಯು, ಮೂತ್ರ ತಡೆಯುವಾಗ ಬಿಗಿಯಾಗುತ್ತದಲ್ಲ ಆ ತಳದ ಸ್ನಾಯು, ಎಲ್ಲ ಎದುರು ಒತ್ತಿ ನಿಂತರೆ ನಡು ಗಟ್ಟಿ. ಮುಚ್ಚಳ ಬಿಗಿಯಾಗಿರುವ ಸೋಡಾ ಬಾಟಲ್ ಮೇಲೆ ಕೂತರೂ ಬಗ್ಗದು, ಮುಚ್ಚಳ ತೆಗೆದರೆ ಅಪ್ಪಚ್ಚಿ. ಹೊಟ್ಟೆ ಒಳಗೆ ಎಳೆದುಕೊಂಡರೆ ವಪೆಗೆ ಇಳಿಯಲು ಜಾಗವೇ ಸಿಗುವುದಿಲ್ಲ. ಗಾಳಿ ಮೇಲೆದೆಗೆ ಹೋಗುತ್ತದೆ, ಭುಜ ಏರುತ್ತದೆ. ನಿಮಗೆ ಆಗುತ್ತಿರುವುದು ಅದೇ.

ಹೀಗೆ ಮಾಡಿ ನೋಡಿ. ಎರಡೂ ಕೈಯಿಂದ ಸೊಂಟ ಹಿಡಿಯಿರಿ. ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ, ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಮೆತ್ತನೆ ಜಾಗದಲ್ಲಿ. ಒಮ್ಮೆ ಕೆಮ್ಮಿ. ಬೆರಳನ್ನು ಏನೋ ಹೊರಕ್ಕೆ ತಳ್ಳಿತಲ್ವಾ? ಆ ಬಿಗಿ ಬೇಕು. ಈಗ ಮೂಗಿನಿಂದ ಉಸಿರು ತಗೊಳ್ಳಿ, ಹೆಬ್ಬೆರಳಿನ ಕಡೆಗೂ ಉಬ್ಬಬೇಕು. ಬರೀ ಮುಂದೆ ಉಬ್ಬಿದರೆ ಸಾಲದು. ಅಲ್ಲೇ ಕೆಮ್ಮಿನ ಬಿಗಿ ತಂದು ಮೂಟೆ ಹಿಡಿಯಿರಿ. ಮೈಗೆ ಒತ್ತಿಕೊಂಡು ಎತ್ತಿ. ಅರ್ಧಕ್ಕಿಂತ ಮೇಲೆ ಬಂದ ಮೇಲೆ ಹಲ್ಲಿನ ಸಂದಿಯಿಂದ ‘ಸ್‌ಸ್’ ಅಂತ ಬಿಡಿ. ಪೂರ್ತಿ ಖಾಲಿ ಮಾಡಬೇಡಿ.

ಬಿಗಿಯ ಅಳತೆಯೂ ಮುಖ್ಯ. ಬಿಸ್ಕೆಟ್ ಡಬ್ಬಕ್ಕೆ ಸಕ್ಕರೆ ಮೂಟೆಯ ಬಿಗಿ ಯಾಕೆ? ಗಲ್ಲಾ ಮುಂದೆ ಕೂತಾಗ ಹೊಟ್ಟೆ ಬಿಟ್ಟುಬಿಡಿ. ದಿನವಿಡೀ ಹೊಟ್ಟೆ ಬಿಗಿದು ಕೂತರೆ ನಿಲುವು ಸರಿಹೋಗುತ್ತದೆ ಅನ್ನುವುದು ಸುಮ್ನೆ ಮಾತು. ಆಗಾಗ ಎದ್ದು ಓಡಾಡುವುದೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಕಲಿಯಲು ಒಂದು ಸಾಕು: ಅಂಗೈ, ಮಂಡಿ ಊರಿ, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. 10 ಸೆಕೆಂಡ್, ಉಸಿರಾಡುತ್ತಲೇ. ಆಮೇಲೆ ಇನ್ನೊಂದು ಕಡೆ. ಬೆನ್ನುಮೂಳೆ ಕುರಿತೇ ಕೆಲಸ ಮಾಡಿದ ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಅವರ ಮೂರು ಮುಖ್ಯ ವ್ಯಾಯಾಮಗಳಲ್ಲಿ ಇದೂ ಒಂದು.

ಬೆಲ್ಟ್? ಹೊಟ್ಟೆಯಿಂದ ಅದನ್ನು ಹೊರಕ್ಕೆ ಒತ್ತಲು ಬಂದರೆ ಪ್ರಯೋಜನ. ಕಟ್ಟಿಕೊಂಡು ಹೊಟ್ಟೆ ಒಳಗೆಳೆದರೆ ಬರೀ ಅಲಂಕಾರ.

ದಿನಸಿ ಅಂಗಡಿಯವ:
ಕೆಮ್ಮಿ ನೋಡಿದೆ ಸರ್, ಪಕ್ಕಕ್ಕೆ ತಳ್ಳುತ್ತದೆ, ಹಿಂದೆ ಏನೂ ಗೊತ್ತಾಗಲಿಲ್ಲ. ಇನ್ನೊಂದು, ಅಪ್ಪನಿಗೆ ಬಿಪಿ ಇದೆ, ಬೇಡ ಅಂದರೂ ಮೂಟೆಗೆ ಕೈ ಹಾಕುತ್ತಾರೆ.

ಗರಡಿ ಫಿಸಿಯೋ:
ಹಿಂಭಾಗಕ್ಕೆ, ಕುರ್ಚಿಯಲ್ಲಿ ಕೂತು ಮೊಣಕೈ ತೊಡೆ ಮೇಲಿಟ್ಟು ಮುಂದೆ ಬಾಗಿ ಉಸಿರು ತಗೊಳ್ಳಿ, ಆಗ ಸಿಗುತ್ತದೆ.

ಅಪ್ಪಾಜಿ ಮಾತ್ರ ದಮ್ಮು ಕಟ್ಟಿ ಎತ್ತಬಾರದು. ಉಸಿರು ಕಟ್ಟಿ ಮುಕ್ಕಿದರೆ ಬಿಪಿ ಆ ಕ್ಷಣದಲ್ಲೇ ಜೋರಾಗಿ ಏರುತ್ತದೆ. ಎತ್ತುವಾಗ ಉಸಿರು ಬಿಡುತ್ತಲೇ ಇರಲಿ. 50 ಕೆಜಿ ಮೂಟೆ ಅವರ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಡಾಕ್ಟರ್ ಹತ್ರವೂ ಒಂದು ಮಾತು ಕೇಳಿ.