‘ಹೊತ್ತು ಕಂತಿತು’ ಅಂದ್ರೆ ನಿಮಗೆ ಇಎಂಐ ನೆನಪಾಗುತ್ತಾ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಪದ ‘ಕಂತು’. ಸಾಲದ ಕಂತಲ್ಲ, ಧಾರಾವಾಹಿಯ ಕಂತೂ ಅಲ್ಲ. ಸಂಜೆ ಸೂರ್ಯ ಮುಳುಗೋದಕ್ಕೆ ‘ಹೊತ್ತು ಕಂತಿತು’ ಅಂತಾರಲ್ಲ, ಆ ಕಂತು.

ವಿಷಯ ಏನಪ್ಪಾ ಅಂದ್ರೆ, ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಕನ್ನಡ ಕೂಟದ ಸಂಚಿಕೆಗೆ ಜಮೈಕಾ ಪ್ರವಾಸದ ಬಗ್ಗೆ ನಾಲ್ಕು ಪುಟ ಬರೆದುಕೊಟ್ಟಿದ್ದೆ. ತಲೆಬರಹ ‘ನೆಗ್ರಿಲ್‌ನಲ್ಲಿ ಹೊತ್ತು ಕಂತಿದ್ದು’. ಸಂಚಿಕೆ ನೋಡಿಕೊಳ್ಳುವ ಗೆಳೆಯ ತುಮಕೂರಿನವನು. ಮರುದಿನವೇ ಫೋನ್ ಮಾಡಿದ. “ಏನ್ ಗುರು, ಟೂರಿಗೆ ಸಾಲ ಮಾಡಿದ್ಯಾ? ಕಂತು ಕಟ್ಟೋ ಕಥೆ ಯಾರು ಓದ್ತಾರೆ?” ಅಂದ. ಅವನು ತಮಾಷೆ ಮಾಡುತ್ತಿಲ್ಲ ಅಂತ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕಾಯಿತು. ‘ನೆಗ್ರಿಲ್‌ನ ಸೂರ್ಯಾಸ್ತ’ ಅಂತ ಬದಲಾಯಿಸಿಬಿಡ್ತೀನಿ ಅಂದ. ಬೇಡ ಅಂದೆ. ಯಾಕೆ ಬೇಡ ಅಂತ ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ಇಲ್ಲಿ ಪ್ರಯತ್ನ ಮಾಡುತ್ತೇನೆ.

2023ರ ಡಿಸೆಂಬರ್. ಅಮ್ಮ ಊರಿಂದ ಬಂದಿದ್ದರು. ನಮ್ಮ ಚಳಿಗೆ ಅವರ ಮಂಡಿ ಹಿಡಿದುಕೊಂಡಿತ್ತು. ಎಲ್ಲಾದರೂ ಬೆಚ್ಚಗಿರೋ ಕಡೆ ಹೋಗೋಣ ಅಂತ ಜಮೈಕಾದ ಮಾಂಟೆಗೋ ಬೇ ಅನ್ನೋ ಊರಿಗೆ ನಾಲ್ಕು ದಿನ ಹೋದೆವು. ಅಲ್ಲಿಂದ ನೆಗ್ರಿಲ್‌ಗೆ ಗೈಡ್ ಜೊತೆ ಒಂದು ದಿನದ ಬಸ್ ಟೂರು. ಹೋಟೆಲಿನಲ್ಲಿ ಕೊಟ್ಟ ಚೀಟಿಯಲ್ಲಿ ಬೀಚು, ಊಟ, ಆಮೇಲೆ ‘ಸನ್‌ಸೆಟ್ ಇನ್‌ಕ್ಲೂಡೆಡ್’ ಅಂತ ಇತ್ತು. ಅದರ ಅರ್ಥ ಹೇಳಿದೆ. ಅಮ್ಮ ನಕ್ಕರು. “ಹೊತ್ತು ಕಂತೋದಕ್ಕೂ ದುಡ್ಡು ತಗೊಳ್ತಾರಾ?”

ಅಮ್ಮನ ಊರು ಕುಂದಾಪುರದ ಹತ್ತಿರ. ಮನೆಯಿಂದ ಕಡಲಿಗೆ ಹತ್ತು ನಿಮಿಷದ ದಾರಿ. ನಾನು ಬೆಳೆದದ್ದು ಬೆಂಗಳೂರಿನಲ್ಲಿ. ಹಾಗಾಗಿ ‘ಕಂತು’ ನನಗೆ ಅಮ್ಮನ ಬಾಯಲ್ಲಿ ಕೇಳಿ ಗೊತ್ತು, ನನ್ನ ಬಾಯಲ್ಲಿ ಇಲ್ಲ.

ಮಾಂಟೆಗೋ ಬೇಯಿಂದ ನೆಗ್ರಿಲ್‌ಗೆ ಸುಮಾರು 80 ಕಿಲೋಮೀಟರ್. ಕಡಲನ್ನು ಬಲಕ್ಕೆ ಇಟ್ಟುಕೊಂಡು ಪಡುವಣಕ್ಕೆ ಹೋಗುವ ದಾರಿ. ಗೈಡ್ ನಾವು ಬೆಂಗಳೂರಿನವರು ಅಂತ ಗೊತ್ತಾದ ತಕ್ಷಣ “ಗೇಲ್!” ಅಂತ ಕೂಗಿದ. ಜಮೈಕಾದ ಕ್ರಿಸ್ ಗೇಲ್ ನಮ್ಮ ಆರ್‌ಸಿಬಿಗೆ ಆಡುತ್ತಾ ಚಿನ್ನಸ್ವಾಮಿಯಲ್ಲಿ 2013ರಲ್ಲಿ ಹೊಡೆದ 175 ಅವನಿಗೂ ಬಾಯಿಪಾಠ. ದಾರಿಯಲ್ಲಿ ಲೂಸಿ ಅನ್ನೋ ಊರು ಸಿಗುತ್ತದೆ. ನಕ್ಷೆಯಲ್ಲಿ ಓದಿದರೆ ‘ಲೂಸಿಯಾ’ ಅನ್ನಬೇಕು ಅನಿಸುತ್ತದೆ, ಊರಿನವರು ಹೇಳೋದು ‘ಲೂಸಿ’. ಅಲ್ಲೊಂದು ಹಳೆಯ ಗಡಿಯಾರ ಇದೆ. 1817ರಲ್ಲಿ ಸೇಂಟ್ ಲೂಸಿಯಾ ದ್ವೀಪಕ್ಕೆ ಹೋಗಬೇಕಾದದ್ದು ಹೆಸರಿನ ಗೊಂದಲದಿಂದ ಇಲ್ಲಿಗೆ ಬಂದು ಇಳಿಯಿತಂತೆ. ಊರಿನವರಿಗೆ ಅದು ಹಿಡಿಸಿಬಿಟ್ಟಿತು, ವಾಪಸ್ ಕೊಡಲೇ ಇಲ್ಲ. ಕಾಗುಣಿತ ತಪ್ಪಿದರೆ ಏನಾಗುತ್ತದೆ ಅಂತ ನಮ್ಮ ಗುಂಪಿನಲ್ಲಿ ಯಾರಾದರೂ ಕೇಳಿದರೆ ಈ ಗಡಿಯಾರ ತೋರಿಸಬಹುದು.

ನೆಗ್ರಿಲ್ ಜಮೈಕಾದ ಪಡುವಣ ತುದಿ. ಅಲ್ಲಿನ ಬೀಚಿನ ಹೆಸರು ‘ಸೆವೆನ್ ಮೈಲ್ ಬೀಚ್’. ಅಳೆದರೆ ಏಳು ಮೈಲಿ ಇಲ್ಲ, ಅದನ್ನು ಗೈಡೇ ನಗುತ್ತಾ ಒಪ್ಪಿಕೊಂಡ. ಈ ‘ಬೀಚ್’ ಪದದ ಬಗ್ಗೆ ನನಗೆ ಜಗಳ ಇಲ್ಲ. ಮಲ್ಪೆ ಬೀಚ್, ಪಣಂಬೂರು ಬೀಚ್ ಅಂತ ನಾವೇ ಹೇಳುತ್ತೇವೆ. ‘ಕಡಲ ತೀರ’ ಚೆನ್ನಾಗಿದೆ, ಆದರೆ ಅದರಲ್ಲಿ ಮರಳು ಇರಲೇಬೇಕು ಅಂತೇನಿಲ್ಲ. ಬೀಚಿನಲ್ಲಿ ಮರಳು ಇರಬೇಕು, ಜನ ಸುಮ್ನೆ ಬಿದ್ದುಕೊಂಡಿರಬೇಕು. ಅಮ್ಮ ಎರಡನ್ನೂ ಹೇಳಲಿಲ್ಲ. ಚಪ್ಪಲಿ ಕೈಗೆ ತಗೊಂಡು “ಹೊಯ್ಗೆ ಎಷ್ಟು ಬಿಳಿ” ಅಂದರು. ನಮ್ಮ ಕರಾವಳಿಯಲ್ಲಿ ಮರಳು ಅಂದ್ರೆ ಹೊಯ್ಗೆ. ಮಂಗಳೂರಿನ ಹೊಯ್ಗೆ ಬಜಾರಿನ ಹೆಸರಿನಲ್ಲಿ ಇರೋದೂ ಅದೇ. ನೆಗ್ರಿಲ್‌ನ ಹೊಯ್ಗೆ ಬಿಳಿ ಇರೋದಕ್ಕೆ ಕಾರಣ ಹವಳ, ಚಿಪ್ಪು ಎಲ್ಲಾ ಪುಡಿಯಾಗಿ ಆಗಿರುವುದು. ನಮ್ಮದು ಹಾಗಲ್ಲ, ಹೊಳೆಗಳು ಘಟ್ಟದಿಂದ ತಂದು ಹಾಕಿದ್ದು.

ನೀರಿನ ಬಣ್ಣಕ್ಕೂ ಕಷ್ಟಪಟ್ಟೆ. ತಳ ಬಿಳಿ, ನೀರು ತಿಳಿ, ಆಳ ಕಡಿಮೆ. ಆಗ ಒಂದು ಥರ ನೀಲಿಯೂ ಅಲ್ಲದ ಹಸಿರೂ ಅಲ್ಲದ ಬಣ್ಣ ಬರುತ್ತದೆ. ಲೇಖನದಲ್ಲಿ ಮೊದಲು ‘ಹಸಿರುನೀಲಿ’ ಅಂತ ಬರೆದೆ. ಶಾಲೆಯ ಡ್ರಾಯಿಂಗ್ ಪುಸ್ತಕದ ಹಾಗಿತ್ತು. ‘ನವಿಲುಗರಿ ಬಣ್ಣ’ ಅಂದರೆ ಜಾಸ್ತಿ ಗಾಢ ಆಯಿತು. ಕೊನೆಗೆ ಅಮ್ಮ ಅವತ್ತು ಹೇಳಿದ್ದನ್ನೇ ಹಾಕಿದೆ: “ರಾಮಾ ಗ್ರೀನ್. ನಿನ್ನ ಚಿಕ್ಕಮ್ಮನ ಮದುವೆ ಸೀರೆ ಇದ್ದ ಹಾಗೆ.” ಸೀರೆ ಅಂಗಡಿಯವರಿಗೆ ನಿಘಂಟು ಬರೆಯೋಕೆ ಕೊಡಬೇಕು. ಬಣ್ಣದ ಹೆಸರು ಅವರ ಹತ್ತಿರ ಇರುವಷ್ಟು ಇನ್ಯಾರ ಹತ್ತಿರವೂ ಇಲ್ಲ.

ಊಟದ ಬಗ್ಗೆ ಒಂದೇ ಮಾತು. ಜಮೈಕಾದಲ್ಲಿ ಎಳನೀರಿಗೆ ‘ಜೆಲ್ಲಿ’ ಅಂತಾರೆ. ಒಳಗಿನ ಮೆತ್ತನೆ ಗಂಜಿಯಿಂದ ಕಾಯಿಗೇ ಆ ಹೆಸರು. ನಾವು ನೀರನ್ನು ಹಿಡಿದು ಹೆಸರಿಟ್ಟೆವು, ಅವರು ಗಂಜಿಯನ್ನು. ಅಮ್ಮನಿಗೆ ಅದು ಸೀಯಾಳ.

ಊಟ ಆದ ಮೇಲೆ ಬಸ್ಸು ‘ವೆಸ್ಟ್ ಎಂಡ್’ ಕಡೆ ತಿರುಗಿತು. ಅಲ್ಲಿ ಹೊಯ್ಗೆ ಮುಗಿಯುತ್ತದೆ, ಸುಣ್ಣಕಲ್ಲಿನ ಗೋಡೆ ನೇರವಾಗಿ ಕಡಲಿಗೆ ಇಳಿಯುತ್ತದೆ. 1974ರಲ್ಲಿ ಶುರುವಾದ ರಿಕ್ಸ್ ಕೆಫೆ ಇರೋದು ಅದರ ನೆತ್ತಿಯ ಮೇಲೆ. ಹುಡುಗರು ಸುಮಾರು 35 ಅಡಿ ಎತ್ತರದಿಂದ ನೀರಿಗೆ ಹಾರುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಈ ಕಲ್ಲಿನ ಗೋಡೆಗೆ ಕನ್ನಡದಲ್ಲಿ ಏನು ಬರೆಯಲಿ? ‘ಪ್ರಪಾತ’ ಅಂದ್ರೆ ಮೇಲಿನಿಂದ ಕೆಳಗೆ ನೋಡಿ ಹೆದರೋದು. ಅದನ್ನು ದೋಣಿಯಲ್ಲಿ ಕೂತು ಕೆಳಗಿನಿಂದ ನೋಡೋಕಾಗಲ್ಲ. ‘ಕಡಿದಾದ ಬಂಡೆ’ ಅಂದರೆ ಪದ ಅಲ್ಲ, ವಿವರಣೆ.

ಅಮ್ಮನಿಗೆ ತೊಂದರೆಯೇ ಆಗಲಿಲ್ಲ. “ದರೆ ತುದೀಲಿ ನಿಲ್ಲಬೇಡ” ಅಂದರು. ಕರಾವಳಿ, ಮಲೆನಾಡಿನವರಿಗೆ ಇದು ಗೊತ್ತಿರುತ್ತದೆ. ಮನೆ ಹಿಂದೆ ಗುಡ್ಡ ಕಡಿದಾಗ ನೆಟ್ಟಗೆ ನಿಲ್ಲುತ್ತದಲ್ಲ ಮಣ್ಣಿನ ಗೋಡೆ, ಅದು ದರೆ. ಸಕಲೇಶಪುರ, ಕೊಡಗಿನ ಕಡೆ ‘ಬರೆ’ ಅಂತಾರೆ. ಮಳೆಗಾಲದಲ್ಲಿ ಪೇಪರಿನವರು ‘ಧರೆ ಕುಸಿತ’ ಅಂತ ಮಹಾಪ್ರಾಣ ಹಾಕಿ ಬರೆಯುತ್ತಾರೆ. ಓದಿದರೆ ಇಡೀ ಭೂಮಂಡಲವೇ ಕುಸಿದ ಹಾಗೆ ಕೇಳುತ್ತದೆ. ಮಣ್ಣಿನದಕ್ಕೆ ದರೆ ಅಂದರೆ ಕಲ್ಲಿನದಕ್ಕೆ ‘ಕಲ್ಲುದರೆ’ ಅನ್ನಬಹುದಲ್ವಾ? ನಾನು ಹಾಗೇ ಬರೆದಿದ್ದೇನೆ. ಗೆಳೆಯ ಅದಕ್ಕೆ ತಕರಾರು ಮಾಡಲಿಲ್ಲ. ಬಹುಶಃ ಅಲ್ಲಿವರೆಗೆ ಓದಿಲ್ಲ.

ಈಗ ಕಂತಿಗೆ ಬರುತ್ತೇನೆ.

ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹೋಗೋದು ಐದೂಮುಕ್ಕಾಲಿನ ಒಳಗೆ. ಐದೂಕಾಲಿಗೇ ಕಟ್ಟೆ ಮೇಲೆ ಜಾಗ ಹಿಡಿದು ಕೂತೆವು. ಸುತ್ತ ಎಲ್ಲರ ಕೈಯಲ್ಲೂ ಫೋನು. ಕಡಲಿಗೆ ಇನ್ನೇನು ಎರಡು ಬೆರಳಷ್ಟು ಇದೆ ಅನ್ನುವಾಗ ಸೂರ್ಯ ಒಂದು ಮೋಡದ ಪಟ್ಟಿಯೊಳಗೆ ಹೋಗಿಬಿಟ್ಟ. ಒಂದೇ ಸಲ ಬೂದಿ ಬಣ್ಣ. “ಅಯ್ಯೋ” ಅನ್ನೋ ದನಿ ಎಲ್ಲಾ ಭಾಷೆಯಲ್ಲೂ ಕೇಳಿಸಿತು. ನಮ್ಮ ಗೈಡ್ ಗಡಿಯಾರ ನೋಡಿ, ಸನ್‌ಸೆಟ್ ಮುಗಿಯಿತು, ಬಸ್ಸಿಗೆ ನಡೀರಿ ಅಂದ. ಟ್ರಾಫಿಕ್ ಆಗೋ ಮೊದಲು ಹೊರಡಬೇಕಂತೆ. ನಮ್ಮ ಬಸ್ಸಿನ ಒಬ್ಬರು ಚೀಟಿ ತೆಗೆದು ‘ಇನ್‌ಕ್ಲೂಡೆಡ್’ ಪದದ ಕೆಳಗೆ ಬೆರಳಿಟ್ಟು ವಾದ ಶುರು ಮಾಡಿದರು. ಅರ್ಧ ಜನ ಎದ್ದು ಹೋದರು. ನಾನೂ ಬ್ಯಾಗು ಹೆಗಲಿಗೆ ಹಾಕಿದೆ.

ಅಮ್ಮ ಮಾತ್ರ ಕೂತೇ ಇದ್ದರು. “ಮರೆಯಾದದ್ದಷ್ಟೆ. ಕಂತಲಿಲ್ಲ” ಅಂದರು.

ನಿಜ. ಮೋಡದ ಪಟ್ಟಿಗೂ ನೀರಿಗೂ ನಡುವೆ ಸಣ್ಣ ಸಂದು ಇತ್ತು. ಎರಡು ನಿಮಿಷ ಬಿಟ್ಟು ಆ ಸಂದಿನಲ್ಲಿ ಸೂರ್ಯನ ಅಡಿ ಕಾಣಿಸಿತು. ಮೊದಲು ಕೆಂಪು ಗೆರೆ, ಆಮೇಲೆ ತಟ್ಟೆ, ಆಮೇಲೆ ಇಡೀ ಚೆಂಡು. “ಹೊತ್ತ್ ಕಂತುಕಾಯ್ತ್, ಕಾಣ್” ಅಂದರು ಅಮ್ಮ. ಬಸ್ಸಿನ ಕಡೆ ಹೋದವರು ಓಡಿ ಬರುವಷ್ಟರಲ್ಲಿ ಅಂಚು ನೀರಿಗೆ ತಾಗಿತ್ತು. ತಾಗಿದ ಮೇಲೆ ಪೂರ್ತಿ ಹೋಗೋಕೆ ಎರಡೂವರೆ ನಿಮಿಷ, ಅಷ್ಟೇ. ನಮ್ಮ ನ್ಯೂಜೆರ್ಸಿಯಲ್ಲಿ ಡಿಸೆಂಬರಿನಲ್ಲಿ ಮೂರು ನಿಮಿಷಕ್ಕೂ ಜಾಸ್ತಿ ಬೇಕು, ಸೂರ್ಯ ಓರೆಯಾಗಿ ಜಾರಿಕೊಂಡು ಹೋಗುತ್ತಾನೆ. ಸಮಭಾಜಕಕ್ಕೆ ಹತ್ತಿರ ಬಂದಷ್ಟೂ ಇಳಿತ ನೆಟ್ಟಗಾಗುತ್ತದೆ. ನೆಗ್ರಿಲ್ ಇರೋದು 18 ಡಿಗ್ರಿಯಲ್ಲಿ, ಕುಂದಾಪುರ 13ರ ಮೇಲೆ. “ನಮ್ಮೂರಿನ ಹಾಗೇ ಬೀಳ್ತಾನೆ” ಅಂತ ಅಮ್ಮ ಹೇಳಿದ್ದು ಸರಿಯಾಗೇ ಇತ್ತು. ಕೊನೆಯ ಚೂರು ಕೆಲವು ಸಲ ಒಂದು ಕ್ಷಣ ಹಸಿರಾಗಿ ಮಿಂಚುತ್ತದೆ, ನೋಡಿ ಅಂತ ಗೈಡ್ ಆಗ ನೆನಪು ಮಾಡಿಕೊಂಡು ಹೇಳಿದ. ನಮಗೆ ಮಿಂಚಲಿಲ್ಲ.

ಅವತ್ತು ನನಗೆ ಹೊಳೆದದ್ದು ಇದು. ಮೋಡದ ಹಿಂದೆ ಹೋಗಿದ್ದಕ್ಕೆ ಅಮ್ಮ ಒಂದು ಪದ ಹೇಳಿದರು, ನೀರಿಗೆ ಇಳಿದಿದ್ದಕ್ಕೆ ಇನ್ನೊಂದು. ಗೈಡ್‌ಗೆ ಎರಡೂ ಸನ್‌ಸೆಟ್. ‘ಸೂರ್ಯಾಸ್ತ’ ಅಂತ ಬರೆದರೂ ಅಷ್ಟೇ. ಅದು ಪಂಚಾಂಗದಲ್ಲಿ ಇಷ್ಟು ಗಂಟೆ ಇಷ್ಟು ನಿಮಿಷ ಅಂತ ಅಚ್ಚಾಗುವ ಪದ. ಮೋಡ ಇದ್ದರೂ ಆಗುತ್ತದೆ, ನೀವು ಕೋಣೆಯೊಳಗೆ ಮಲಗಿದ್ದರೂ ಆಗುತ್ತದೆ. ಕಂತೋದನ್ನು ಕೂತು ನೋಡಬೇಕು.

‘ಮುಳುಗು’ ಹಾಕು ಅಂತ ಕೆಲವರು ಹೇಳಬಹುದು. ಬಯಲುಸೀಮೆಯಲ್ಲಿ ‘ಹೊತ್ತು ಮುಳುಗಿತು’, ಉತ್ತರ ಕರ್ನಾಟಕದಲ್ಲಿ ‘ಹೊತ್ತು ಮುಣುಗಿತು’, ಎರಡೂ ಜೀವಂತ ಮಾತು, ಚೆಂದದ ಮಾತು. ಆದರೆ ಹಡಗು ಮುಳುಗುತ್ತದೆ, ಕೊಟ್ಟ ದುಡ್ಡು ಮುಳುಗುತ್ತದೆ, ಬ್ಯಾಂಕು ಮುಳುಗುತ್ತದೆ. ತಲೆಬರಹದಲ್ಲಿ ಹಾಕಿದರೆ ನೆಗ್ರಿಲ್‌ನಲ್ಲಿ ನಮಗೆ ಏನೋ ಆಯಿತು ಅಂತ ಜನ ಗಾಬರಿಯಾಗುತ್ತಾರೆ. ಸೂರ್ಯ ನಾಳೆ ಬರುತ್ತಾನೆ, ಮುಳುಗಿದ ದುಡ್ಡು ಬರುತ್ತಾ?

ಹಳೆಯ ‘ಪಡು’ ಕೂಡ ಇದೆ. ನೇಸರು ಪಡುವ ದಿಕ್ಕು ಪಡುವಣ, ಮೂಡುವ ದಿಕ್ಕು ಮೂಡಣ. ಮೂಡುಬಿದಿರೆ, ಪಡುಬಿದ್ರಿ ಅಂತ ಊರಿನ ಹೆಸರಲ್ಲೇ ಇಟ್ಟುಕೊಂಡಿದ್ದೇವೆ. ಪಡುಕೋಣೆಯಂತೂ ಈಗ ಪ್ರಪಂಚಕ್ಕೇ ಗೊತ್ತು. ನೆಗ್ರಿಲ್‌ನ ‘ವೆಸ್ಟ್ ಎಂಡ್’ ನಮ್ಮ ಕಡೆ ಇದ್ದಿದ್ದರೆ ಖಂಡಿತ ‘ಪಡುಕೋಡಿ’ ಆಗುತ್ತಿತ್ತು. ಆದರೆ ಇವತ್ತು ‘ಸೂರ್ಯ ಪಟ್ಟ’ ಅಂತ ಬರೆದರೆ ಏನು ಪಟ್ಟ, ಕಷ್ಟಪಟ್ಟನಾ ಅಂತ ಕೇಳ್ತಾರೆ. ಮೂಡೋದು ಕ್ರಿಯೆಯಾಗಿ ಉಳಿಯಿತು. ಪಡೋದು ಬರೀ ದಿಕ್ಕಾಯಿತು.

ಹಾಗಾಗಿ ನನಗೆ ಉಳಿದದ್ದು ಕಂತು. ತುಳುವಿನಲ್ಲಿ ಇದು ದಿನಬಳಕೆಯ ಮಾತು. ‘ಪೊರ್ತು ಕಂತ್‌ಂಡ್’ ಅಂದ್ರೆ ಮಕ್ಕಳಿಗೂ ಗೊತ್ತು. ಅವರ ಪೊರ್ತು, ನಮ್ಮ ಹೊತ್ತು ಒಂದೇ. ಎರಡರಲ್ಲೂ ಸಮಯಕ್ಕೂ ಸೂರ್ಯನಿಗೂ ಅದೇ ಪದ.

ನನ್ನ ಪ್ರಶ್ನೆಗಳು ಇಷ್ಟು. ನಿಮ್ಮ ಊರಿನಲ್ಲಿ, ಮನೆಮಾತಿನಲ್ಲಿ ಹೊತ್ತು ಕಂತುತ್ತದಾ? ಘಟ್ಟದ ಮೇಲಿನವರು ಯಾರಾದರೂ ಹೇಳುತ್ತೀರಾ? ಹೇಳೋದಾದರೆ, ಗುಡ್ಡದ ಹಿಂದೆ ಹೋದಾಗಲೂ ಕಂತೋದೇನಾ, ಅಥವಾ ನೀರೇ ಬೇಕಾ? ಅಮ್ಮನನ್ನು ಕೇಳಿದೆ. “ನಮ್ಮಲ್ಲಿ ಪಡುವಣಕ್ಕೆ ಗುಡ್ಡ ಎಲ್ಲಿದೆ?” ಅಂದರು. ಇನ್ನೊಂದು. ‘ಇಳಿಹೊತ್ತು’ ಇರುವ ಹಾಗೆ ‘ಕಂತುಹೊತ್ತು’ ಅಂತ ಒಂದು ನಾಮಪದ ಮಾಡಿದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಗೆಳೆಯನಿಗೆ ಹೇಳಿ ನೋಡಿದೆ. “ಡ್ಯೂ ಡೇಟ್ ಅನ್ನೋ ಹಾಗಿದೆ” ಅಂದ. ಅವನ ಮಾತು ಲೆಕ್ಕಕ್ಕಿಲ್ಲ.

ಸಂಚಿಕೆ ಅಚ್ಚಿಗೆ ಹೋಗೋದು ಬರುವ ಶುಕ್ರವಾರ. ಉತ್ತರ ಬರೆಯುವಾಗ ನಿಮ್ಮ ಊರು ಯಾವುದು ಅಂತ ದಯವಿಟ್ಟು ಸೇರಿಸಿ. ಬಯಲುಸೀಮೆಯಿಂದ ಒಂದೇ ಒಂದು ಕಂತು ಬಂದರೂ ಸಾಕು, ಅವನ ಬಾಯಿ ಮುಚ್ಚಿಸುತ್ತೇನೆ.