ರ‍್ಯಾಟ್ ಟ್ರ್ಯಾಪ್ ಗೋಡೆಯ ಪೊಳ್ಳಿಗೆ ಫೋಮ್ ತುಂಬಿಸೋದಾ? (ತುಮಕೂರು, 1996ರ ಮನೆ)

ಕ್ಯಾತ್ಸಂದ್ರ ಮನೆ:
ನಮಸ್ಕಾರ. ಅಪ್ಪ 1996ರಲ್ಲಿ ಕಟ್ಟಿಸಿದ ಮನೆ. ಗೋಡೆ ಪೂರ್ತಿ ರ‍್ಯಾಟ್ ಟ್ರ್ಯಾಪ್, ಅಂದ್ರೆ ಇಟ್ಟಿಗೆ ಮಗ್ಗುಲಾಗಿ ನಿಲ್ಲಿಸಿ ಒಳಗೆ ಪೊಳ್ಳು ಬಿಟ್ಟು ಕಟ್ಟಿದ್ದು, 9 ಇಂಚು. ಹೊರಗೆ ಪ್ಲಾಸ್ಟರ್ ಇಲ್ಲ, ಇಟ್ಟಿಗೆ ಸಂದಿಗೆ ಬರೀ ಪಾಯಿಂಟಿಂಗ್. ಮೇಲೆ ಆರ್‌ಸಿಸಿ. ಮಾರ್ಚ್ ಬಂತೆಂದರೆ ಅಮ್ಮ ಮಲಗುವ ಪಶ್ಚಿಮದ ಕೋಣೆಯಲ್ಲಿ ರಾತ್ರಿ 11 ಆದರೂ ಸೆಕೆ ಇಳಿಯಲ್ಲ. ಅವರಿಗೆ 74 ವರ್ಷ, ನಿದ್ದೆ ಇಲ್ಲದೆ ಸೊರಗಿದ್ದಾರೆ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿರೋ ತಮ್ಮ ತನ್ನ ಮನೆ ಗೋಡೆಗೆ ತೂತು ಹೊಡೆಸಿ ಶಾಖ ತಡೆಯೋ ಇನ್ಸುಲೇಷನ್ ತುಂಬಿಸಿದ್ದಾನೆ. ಇಲ್ಲೊಬ್ಬ ಕಂಟ್ರಾಕ್ಟರ್ ಪಿಯು (ಪಾಲಿಯುರೆಥೇನ್) ಫೋಮ್ ತುಂಬಿ ಕೊಡ್ತೀನಿ ಅಂತಿದ್ದಾರೆ. ಮಾಡಿಸೋದಾ? ಮಳೆಗಾಲದಲ್ಲಿ ಆ ಕೋಣೆಯ ನೈಋತ್ಯ ಮೂಲೆಗೆ ತೇವದ ಕಲೆ ಬೇರೆ ಬರುತ್ತೆ.

ಮಾಲೂರು:
ಮಾಡಿಸಿ ಸರ್. ಕೋಲ್ಡ್ ಸ್ಟೋರೇಜ್ ಗೋಡೆಗೂ ಅದೇ ಫೋಮ್.

ಗೌರಿಬಿದನೂರು ಸಿವಿಲ್:
ದುಡುಕಬೇಡಿ ಸರ್. ಕೋಲ್ಡ್ ಸ್ಟೋರೇಜ್‌ನಲ್ಲಿ ಫೋಮ್ ಗೋಡೆಗೂ ಚಾವಣಿಗೂ ಸಂದಿಲ್ಲದೆ ಸುತ್ತಿರುತ್ತೆ. ಇಲ್ಲಿ ಹಾಗಾಗಲ್ಲ.

ಇಂಗ್ಲೆಂಡಿನ ಕ್ಯಾವಿಟಿ ಗೋಡೆ ಅಂದ್ರೆ ಬಿಡಿಬಿಡಿಯಾದ ಎರಡು ಗೋಡೆ, ನಡುವೆ ಒಂದೇ ಸಂದು, ಅಲ್ಲಲ್ಲಿ ಲೋಹದ ಕೊಂಡಿ. ನಿಮ್ಮದರಲ್ಲಿ ಪ್ರತಿ ವರಸೆಯಲ್ಲೂ ಅಡ್ಡ ಇಟ್ಟಿಗೆ ಹೊರಗಿನಿಂದ ಒಳಗಿನವರೆಗೆ ಹಾದುಬರುತ್ತೆ. ಪೊಳ್ಳು ಎಷ್ಟೇ ತುಂಬಿದರೂ ಶಾಖ ಆ ಇಟ್ಟಿಗೆ ಹಿಡಿದು ಬಂದೇ ಬರುತ್ತೆ. ಕಟ್ಟುವಾಗ ಉದುರಿದ ಗಾರೆಯೂ ಒಳಗಿರುತ್ತೆ, ಫೋಮ್ ಎಲ್ಲಿ ತಲುಪಿತು, ಎಲ್ಲಿ ನಿಂತಿತು ಅಂತ ನೋಡಲಾಗದು. ಒಮ್ಮೆ ಗಟ್ಟಿಯಾದರೆ ಗೋಡೆ ಒಡೆಯದೆ ತೆಗೆಯೋಕೂ ಆಗಲ್ಲ. ಮೊದಲೇ ತೇವ ಇರೋ ಗೋಡೆಗೆ ನಾನಂತೂ ಒಪ್ಪಲ್ಲ. ಫೋಮ್ ಬದಲು ಥರ್ಮಾಕೋಲ್ ಮಣಿ ಅಂದರೂ ಬೇಡ ಅನ್ನಿ. ಈ ಗೋಡೆಗಳಲ್ಲಿ ವೈರಿಂಗ್ ಪೊಳ್ಳಿನೊಳಗೇ ಹೋಗಿರೋದುಂಟು, ಮಣಿ ತಾಗಿದ ಕಡೆ ವೈರಿನ ಪಿವಿಸಿ ಕೆಡುತ್ತೆ.

ಅಲ್ಲಿ ಅವರಿಗೆ ಒಳಗಿನ ಬಿಸಿ ಆಚೆ ಹೋಗಬಾರದು. ನಮಗೆ ಬಿಸಿಲು ಒಳಗೆ ಬರಬಾರದು, ಬಂದದ್ದು ರಾತ್ರಿ ಹೊರಟೂ ಹೋಗಬೇಕು. ಏಪ್ರಿಲ್ ಕೊನೆಯ ವಾರ ತುಮಕೂರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ. ಪಶ್ಚಿಮದ ಗೋಡೆಗೆ ಬಿಸಿಲು ಮಧ್ಯಾಹ್ನದ ಮೇಲೆ ಮಾತ್ರ, ತಾರಸಿಗೆ ದಿನವಿಡೀ. ಹಗಲು ಕಾದ ಸ್ಲ್ಯಾಬ್ ರಾತ್ರಿ ಒಳಗೆ ಬಿಸಿ ಬಿಡುತ್ತೆ. ನನ್ನ ಅನುಮಾನ ಅದರ ಮೇಲೇ.

ದುಡ್ಡು ಹಾಕೋ ಮುಂಚೆ ರಾತ್ರಿ 9ಕ್ಕೆ ಸ್ಟೂಲ್ ಹತ್ತಿ ಸೀಲಿಂಗ್ ಮುಟ್ಟಿ, ಆಮೇಲೆ ಪಶ್ಚಿಮದ ಗೋಡೆ ಮುಟ್ಟಿ. ಯಾವುದು ಬಿಸಿ ಹೇಳಿ. ಹಾಗೇ ತೇವ ಬರೋ ಆ ಮೂಲೆಯ ಮೇಲೆ ಪ್ಯಾರಪೆಟ್ ಬುಡದಲ್ಲಿ ಬಿರುಕಿದೆಯಾ ನೋಡಿ.

ಕ್ಯಾತ್ಸಂದ್ರ ಮನೆ:
ಪಕ್ಕದವರ ಹತ್ರ ಥರ್ಮಾಮೀಟರ್ ಗನ್ ಇತ್ತು. ರಾತ್ರಿ 9.15ಕ್ಕೆ ಸೀಲಿಂಗ್ 40, ಪಶ್ಚಿಮದ ಗೋಡೆ 35, ಒಳಗೋಡೆ 33. ಪ್ಯಾರಪೆಟ್ ಬುಡದಲ್ಲಿ ಉದ್ದಕ್ಕೂ ಬಿರುಕು, ಬೆರಳುಗುರು ಹೋಗುತ್ತೆ.

ಮಾಲೂರು:
ನಾನು ತಾರಸಿ ಲೆಕ್ಕಕ್ಕೇ ತಗೊಂಡಿರಲಿಲ್ಲ. ನನ್ನ ಮಾತು ವಾಪಸ್.

ಗೌರಿಬಿದನೂರು ಸಿವಿಲ್:
ಹಾಗಾದ್ರೆ ಗೋಡೆ ಮುಟ್ಟಲೇಬೇಡಿ, ಆ ಪೊಳ್ಳಿನ ಗಾಳಿ ತನ್ನ ಕೆಲಸ ಮಾಡ್ತಿದೆ. ಮೊದಲು ಬಿರುಕು ಬಿಡಿಸಿ ತುಂಬಿಸಿ, ಬುಡಕ್ಕೆ ಗಾರೆಯ ಗೋಲಾ, ಅಂದ್ರೆ ಮೂಲೆ ತುಂಬೋ ದುಂಡನೆ ಅಂಚು, ಹಾಕಿಸಿ. ಆಮೇಲೆ ತಾರಸಿ ತೊಳೆದು ಬಿಳಿ ಸುಣ್ಣ ಎರಡು ಕೋಟು. ಮಳೆಗೆ ಸುಣ್ಣ ಹೋಗುತ್ತೆ, ಪ್ರತಿ ಫೆಬ್ರವರಿ ಮತ್ತೆ ಹೊಡೀಬೇಕು. ಬೇಡ ಅಂದ್ರೆ ಬಿಸಿಲನ್ನ ವಾಪಸ್ ಕಳಿಸೋ ಕೂಲ್ ರೂಫ್ ಪೇಂಟ್. ಸಂಜೆ ಹೊರಗಿನ ಗಾಳಿ ತಣ್ಣಗಾದ ಮೇಲೆ ಎದುರುಬದುರು ಕಿಟಕಿ ತೆಗೆದಿಡಿ, ಅಲ್ಲೀವರೆಗೆ ಮುಚ್ಚಿರಿ.

ಕ್ಯಾತ್ಸಂದ್ರ ಮನೆ:
ಹತ್ತು ದಿನದ ಮೇಲೆ ಬರೀತಿದ್ದೀನಿ. ಬಿರುಕು ಮುಚ್ಚಿಸಿ ಸುಣ್ಣ ಹೊಡೆಸಿದೆ. ಅದೇ ಹೊತ್ತಿಗೆ ಸೀಲಿಂಗ್ ಈಗ 35. ಅಮ್ಮ ನಿನ್ನೆ 10ಕ್ಕೆಲ್ಲ ಮಲಗಿಬಿಟ್ಟರು ಸರ್, ನಿಮಗೆ ಎಷ್ಟು ಕೈಮುಗಿದರೂ ಸಾಲದು. ಕಂಟ್ರಾಕ್ಟರ್‌ಗೆ ಬೇಡ ಅಂದೆ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಬೇಕು ಅಂತಿದ್ದೀನಿ, ತುಮಕೂರಲ್ಲಿ ಹೆಣೆದುಕೊಡೋರು ಯಾರಾದ್ರೂ ಇದ್ದಾರಾ?