ಓಯಿಜಾ ಪ್ರೀಕ್ವೆಲ್ ನೋಡಿದೋರು ಹೇಳಿ, ಕೊನೇ ಅರ್ಧ ಗಂಟೆ ನಿಮಗೆ ಹಿಡಿಸ್ತಾ? (ಸ್ಪಾಯ್ಲರ್ ಇದೆ)

ಇರುಳ್ಗಣ್ಣು:

ನಿನ್ನೆ ರಾತ್ರಿ ನಾನೂ ನನ್ನ ತಂಗಿನೂ ಕೂತು ‘ಓಯಿಜಾ: ಆರಿಜಿನ್ ಆಫ್ ಈವಿಲ್’ ನೋಡಿದ್ವಿ. 2016ರದ್ದು, ಹೊಸದೇನಲ್ಲ, ಆದ್ರೆ ಇಷ್ಟು ದಿನ ನಾನು ಮುಟ್ಟಿರ್ಲಿಲ್ಲ, ಯಾಕಂದ್ರೆ 2014ರ ಮೊದಲನೇದು ನೋಡಿ ಅಷ್ಟು ಬೇಜಾರಾಗಿತ್ತು. ಬಾಗಿಲು ಧಡಾರ್ ಅನ್ನೋದು, ಹಿಂದಿಂದ ಯಾರೋ ಬಂದು ಭುಜ ಮುಟ್ಟೋದು, ಬರೀ ಇದೇ. ಇದು ಅದ್ರ ಹಿಂದಿನ ಕಥೆ ಅಂದಾಗ ಇನ್ನೇನಿರುತ್ತೆ ಬಿಡು ಅಂದ್ಕೊಂಡಿದ್ದೆ.

ಆದ್ರೆ ಮೊದಲ ಒಂದು ಗಂಟೆ ಎಷ್ಟು ಚೆನ್ನಾಗಿದೆ ಅಂದ್ರೆ! 1967, ಲಾಸ್ ಏಂಜಲೀಸ್. ಗಂಡ ಸತ್ತಿದಾನೆ, ಮನೆ ಮೇಲಿನ ಸಾಲ ಕಟ್ಟಕ್ಕೆ ದುಡ್ಡಿಲ್ಲ, ಆಲಿಸ್ ಅನ್ನೋ ತಾಯಿ ಮನೇಲೇ ಕೂತು, ಸತ್ತೋರ ಜೊತೆ ಮಾತಾಡಿಸ್ತೀನಿ ಅಂತ ಹೇಳಿ ಜೀವನ ನಡೆಸ್ತಿದಾಳೆ. ಎಲ್ಲಾ ಸುಳ್ಳು, ಇಬ್ರು ಹೆಣ್ಮಕ್ಳು ಒಳಗಡೆ ಬಚ್ಚಿಟ್ಕೊಂಡು ಮೇಣದಬತ್ತಿ ಆರಿಸೋದು, ಪರದೆ ಹಿಂದೆ ನೆರಳಾಗಿ ಬಂದು ನಿಲ್ಲೋದು. ಆದ್ರೂ ಆಯಮ್ಮನ ಮೇಲೆ ಕೋಪ ಬರಲ್ಲ. ಬಂದೋರು ಅತ್ತು ಹಗುರ ಆಗಿ ಹೋಗ್ತಾರೆ, ಅದು ನಾನು ಅವ್ರಿಗೆ ಕೊಡೋ ಸಮಾಧಾನ ಅಂತ ಅವಳು ನಿಜವಾಗ್ಲೂ ನಂಬಿರ್ತಾಳೆ.

ಆಮೇಲೆ ಆ ಓಯಿಜಾ ಬೋರ್ಡ್ (ಅಕ್ಷರ ಬರೆದ ಹಲಗೆ ಮೇಲೆ ಬೆರಳಿಟ್ಟು ಸತ್ತೋರನ್ನ ಕರೆಯೋ ಆಟ) ಮನೆಗೆ ಬರುತ್ತೆ, ಚಿಕ್ಕವಳು ಡೋರಿಸ್ ಮೈಮೇಲೆ ಏನೋ ಬರುತ್ತೆ, ಅಲ್ಲಿಂದ ಕಥೆ ಬೇರೆ ದಾರಿ ಹಿಡಿಯುತ್ತೆ. ನೆಲಮಾಳಿಗೆ, ಗೋಡೆ ಒಳಗಿನ ಮೂಳೆ, ಎರಡನೇ ಮಹಾಯುದ್ಧದ ಕಾಲದ ಡಾಕ್ಟರು, ಬಾಯಿ ಹೊಲಿಯೋದು. ತಂಗಿ ಹೇಳ್ತಾಳೆ ಕೊನೇ ಅರ್ಧ ಗಂಟೆ ಪೂರ್ತಿ ಹಾಳು ಮಾಡಿದಾರೆ ಅಂತ. ನಂಗೆ ಹಾಗನ್ನಿಸ್ಲಿಲ್ಲ, ಆದ್ರೆ ಯಾಕೆ ಅನ್ನಿಸ್ಲಿಲ್ಲ ಅಂತ ಅವಳಿಗೆ ಹೇಳಕ್ಕೆ ಮಾತು ಸಿಗ್ಲಿಲ್ಲ. ನಿಮಗೆಲ್ಲ ಹೇಗನ್ನಿಸ್ತು?

ಮೂರನೇ_ಬೆಂಚು:

ನಿಮ್ಮ ತಂಗಿ ಹೇಳಿದ್ದೇ ಸರಿ ಅಂತೀನಿ ನಾನು. ಮೊದಲ ಒಂದು ಗಂಟೆ ನೋಡ್ತಾ ಇದೊಂದು ಕುಟುಂಬದ ಕಥೆ ಅಂತ ಮನಸ್ಸಿಟ್ಟು ಕೂತಿರ್ತೀವಿ, ಆಮೇಲೆ ಒಂದೇ ಸಲಕ್ಕೆ ಕಣ್ಣು ಬೆಳ್ಳಗಾಗೋದು, ಬಾಯಿ ಅಗಲ ಮಾಡ್ಕೊಂಡು ಗೋಡೆ ಹತ್ತೋದು, ಕಂಪ್ಯೂಟರ್ ಗ್ರಾಫಿಕ್ಸ್ ಹಾಕಿದ ಮುಖ. ಆ ಮನೇಲಿ ಸತ್ತ ಪೋಲೆಂಡಿನವನ ಕಥೆ, ಅದೇ ಮಾರ್ಕಸ್ ಅನ್ನೋನು, ಯುದ್ಧದಲ್ಲಿ ಅವನಿಗೆ ಹಿಂಸೆ ಕೊಟ್ಟ ಡಾಕ್ಟರೇ ಅಮೆರಿಕಾಗೆ ಬಂದು ಇದೇ ಮನೆ ಕೆಳಗೆ ಮತ್ತೆ ಅದೇ ಕೆಲಸ ಶುರು ಮಾಡ್ದ, ಕಿರುಚಿದ್ದು ಯಾರಿಗೂ ಕೇಳ್ಬಾರ್ದು ಅಂತ ನಾಲಿಗೆ ಕತ್ತರಿಸ್ತಿದ್ದ. ಎಂಥಾ ಘೋರ ವಿಷ್ಯ ಅದು. ಅದನ್ನ ಒಬ್ರು ಕೂತು ಕಾಗದ ಓದಿ ಹೇಳಿ ಮುಗಿಸಿಬಿಡ್ತಾರೆ. ಅಷ್ಟು ದೊಡ್ಡ ನೋವು ತಂದು ಬರೀ ದೆವ್ವಕ್ಕೊಂದು ಹಿನ್ನೆಲೆ ಮಾಡಿದ್ದು ನಂಗೆ ಸರಿ ಕಾಣ್ಲಿಲ್ಲ.

ಇನ್ನೊಂದು, ಪ್ರೀಕ್ವೆಲ್ ಅಂದ್ಮೇಲೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಗೊತ್ತೇ ಇರುತ್ತಲ್ಲ. ಮೊದಲನೇದ್ರಲ್ಲಿ ಡೋರಿಸ್ ಬಾಯಿ ಹೊಲಿದಿರೋ ದೆವ್ವ, ಅಕ್ಕ ಮುದುಕಿಯಾಗಿ ಹುಚ್ಚಾಸ್ಪತ್ರೇಲಿದಾಳೆ. ಹಾಗಾಗಿ ಇಲ್ಲಿ ಅಕ್ಕ ಬಿಟ್ರೆ ಯಾರೂ ಉಳಿಯಲ್ಲ ಅಂತ ಗೊತ್ತಿದ್ದೇ ನೋಡ್ತೀವಿ. ಇಷ್ಟು ಒಳ್ಳೆ ಕಥೇನ ಆ ಕೆಟ್ಟ ಸಿನಿಮಾ ಕಾಲಿಗೆ ಕಟ್ಟಿ ಎಳ್ಕೊಂಡು ಹೋದಂಗೆ ಆಗಿದೆ. ಡೋರಿಸ್ ಮಾಡಿದ ಹುಡುಗಿ ಲುಲು ವಿಲ್ಸನ್‌ಗೆ ಮಾತ್ರ ಕೈ ಮುಗಿಬೇಕು. ಅಕ್ಕನ ಬಾಯ್‌ಫ್ರೆಂಡ್ ಮೈಕಿ ಹತ್ರ ನಿಂತು ಕತ್ತು ಹಿಸುಕಿದ್ರೆ ಹೇಗಿರುತ್ತೆ ಅಂತ ಹೇಳ್ತಾಳಲ್ಲ, ಶಾಲೇಲಿ ಮಗ್ಗಿ ಒಪ್ಪಿಸೋ ಥರ, ನಗ್ತಾ ನಗ್ತಾ. ಆ ಒಂದು ಸೀನ್ ಮುಂದೆ ಕೊನೇ ಅರ್ಧ ಗಂಟೆಯ ಗದ್ದಲ ಏನೂ ಅಲ್ಲ.

ಹುಬ್ಬಳ್ಳಿ_ರೀಲ್:

ಅಣ್ಣಾರ, ನಾ ಕಥಿ ಬಗ್ಗೆ ಆಮ್ಯಾಲೆ ಹೇಳ್ತೀನಿ, ಮೊದ್ಲ ಒಂದು ಮಾತು ಕೇಳ್ರಿ. ಈ ಸಿನಿಮಾ ನೋಡುವಾಗ ಪರದೆ ಮ್ಯಾಲೆ ಬಲಗಡೆ ಮೂಲ್ಯಾಗ ಆಗಾಗ ಒಂದು ಸಣ್ಣ ಚುಕ್ಕಿ ಬಂದು ಹೋಗ್ತಿತ್ತು, ನೋಡೀರೇನು? ನಮ್ಮಪ್ಪ ಟಾಕೀಸಿನ್ಯಾಗ ಆಪರೇಟರ್ ಇದ್ರು, ಎರಡು ಪ್ರೊಜೆಕ್ಟರ್ ಇರತಿದ್ವು, ಒಂದು ರೀಲು ಇಪ್ಪತ್ತು ನಿಮಿಷದ ಆಜುಬಾಜು ಮುಗಿತದ. ಮೊದಲ್ನೇ ಚುಕ್ಕಿ ಬಂದ ಕೂಡ್ಲೇ ಎರಡ್ನೇ ಮಷೀನಿನ ಮೋಟರ್ ಚಾಲೂ ಮಾಡೂದು, ಏಳೆಂಟು ಸೆಕೆಂಡಿಗೆ ಎರಡ್ನೇ ಚುಕ್ಕಿ ಬಂತಂದ್ರ ಬದಲಿ ಮಾಡೂದು. ನಾ ಸಣ್ಣಾಂವ ಇದ್ದಾಗ ಅಪ್ಪನ ತೊಡಿ ಮ್ಯಾಲೆ ಕುಂತು ಆ ಚುಕ್ಕಿ ಕಾಯ್ತಿದ್ದೆ, ಕಂಡ ಕೂಡ್ಲೇ ‘ಬಂತು’ ಅಂತ ಒದರ್ತಿದ್ದೆ. ಈಗ ರೀಲೂ ಇಲ್ಲ, ಆ ಟಾಕೀಸೂ ಇಲ್ಲ, ಅಪ್ಪನೂ ಇಲ್ಲ.

ಡೈರೆಕ್ಟರ್ ಮೈಕ್ ಫ್ಲ್ಯಾನಗನ್ ಅದನ್ನ ಬೇಕಂತನ ಹಾಕ್ಯಾನ. ಡಿಜಿಟಲ್ ಸಿನಿಮಾಕ್ಕ ಆ ಚುಕ್ಕಿ ಯಾಕ ಬೇಕು? ಶುರುವಾತಿಗೆ ಯುನಿವರ್ಸಲ್ ಕಂಪನಿಯ ಆ ಕಾಲದ ಹಳೇ ಲೋಗೋ, ಹಳೇ ನಮೂನಿ ಟೈಟಲ್, ಕ್ಯಾಮೆರಾ ಹತ್ರ ಓಡಿಸೂದು ಬಿಟ್ಟು ನಿಂತಲ್ಲೇ ಝೂಮ್ ಮಾಡೂದು, ಮುಂದಿನ ಮುಖಾನೂ ಹಿಂದಿನ ಮುಖಾನೂ ಒಂದೇ ಟೈಮಿಗೆ ಫೋಕಸ್‌ನ್ಯಾಗ ಇಡೂದು. 1967ರ ಕಥಿ ಹೇಳಾಕ ಬಟ್ಟಿ, ಕಾರು ತೋರಿಸಿದ್ರ ಸಾಕಾಗಂಗಿಲ್ಲ, ಆ ಕಾಲದ ಸಿನಿಮಾ ಹೆಂಗ ನೋಡ್ತಿತ್ತೋ ಹಂಗ ನೋಡಬೇಕು ಅಂತ ಆತನ ಲೆಕ್ಕ. ಹಿಂದ ಮಸಕು ಮಸಕಾಗಿ ಡೋರಿಸ್ ಸುಮ್ಮನ ನಿಂತಿರ್ತಾಳ, ಯಾವ ಸೌಂಡೂ ಇಲ್ಲ, ನೀವು ನೋಡಿದ್ರ ನೋಡಿದ್ರಿ ಇಲ್ಲಂದ್ರ ಇಲ್ಲ. ಹಾರರ್ ಅಂದ್ರ ಅದ.

ರೊಕ್ಕದ ಮಾತು ಹೇಳೂದಾದ್ರ, ಮೊದಲ್ನೇದಕ್ಕ 50 ಲಕ್ಷ ಡಾಲರ್ ಖರ್ಚು, ಗಳಿಸಿದ್ದು 10 ಕೋಟಿ ಮ್ಯಾಲೆ. ಇದಕ್ಕ 90 ಲಕ್ಷ, ಗಳಿಸಿದ್ದು 8 ಕೋಟಿ ಚಿಲ್ಲರೆ. ಚಲೋದು ಕಡಿಮಿ ಗಳಿಸ್ತು, ಭಾಳ ಸಂಕಟ ಆಗ್ತದ.

ಮಲೆನಾಡಹೆಣ್ಣು:

ನಾನು ಕೊನೇ ಅರ್ಧ ಗಂಟೆ ಪರವಾಗಿ ಮಾತಾಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಾವು ಪಿಯುಸಿ ಓದುವಾಗ ಹಾಸ್ಟೆಲಲ್ಲಿ ಒಂದ್ಸಲ ಆಡಿದೀವಿ. ಅಂಗಡಿಯಿಂದ ತಂದ ಬೋರ್ಡ್ ಅಲ್ಲ, ಕೇರಂ ಬೋರ್ಡ್ ತಿರುಗಿಸಿ ಸೀಮೆಸುಣ್ಣದಲ್ಲಿ ಅಕ್ಷರ ಬರೆದು, ನಡುವೆ ಒಂದು ರೂಪಾಯಿ ನಾಣ್ಯ. ಕರೆಂಟ್ ಬೇರೆ ಹೋಗಿತ್ತು, ಹೊರಗೆ ಮಳೆ. ನಾಲ್ಕು ಜನ ಬೆರಳಿಟ್ವಿ. ನನ್ನಜ್ಜಿ ತೀರಿಕೊಂಡು ಎರಡು ತಿಂಗಳಾಗಿತ್ತು ಅಷ್ಟೇ, ಕೊನೇಗೆ ನೋಡಕ್ಕೂ ಆಗಿರ್ಲಿಲ್ಲ ನಂಗೆ, ಪರೀಕ್ಷೆ ಇತ್ತು. ಅಜ್ಜಿ ಬಂದಿದೀರಾ ಅಂತ ಕೇಳ್ದೆ. ನಾಣ್ಯ ಹೋಯ್ತು. ನಿಜವಾಗ್ಲೂ ಹೋಯ್ತು. ನನ್ನ ಮನೇಲಿ ಕರೆಯೋ ಹೆಸರಿನ ಮೊದಲಕ್ಷರಕ್ಕೆ ಹೋಗಿ ನಿಲ್ತು, ಆ ಹೆಸರು ಅಲ್ಲಿದ್ದ ಬೇರೆ ಯಾರಿಗೂ ಗೊತ್ತಿರ್ಲಿಲ್ಲ. ನಾನು ಆ ರಾತ್ರಿ ಹೆದರಲಿಲ್ಲ, ಖುಷಿಪಟ್ಟೆ. ವರ್ಷಗಟ್ಟಲೆ ಅದನ್ನೇ ಹಿಡ್ಕೊಂಡಿದ್ದೆ.

ಆಮೇಲೆ ಡಿಗ್ರೀಲಿ ಇದರ ಬಗ್ಗೆ ಓದ್ದೆ. ನಮಗೆ ಗೊತ್ತಿಲ್ದೇನೇ ನಮ್ಮ ಸ್ನಾಯುಗಳು ಸಣ್ಣಗೆ ಚಲಿಸ್ತವೆ, ಮನಸ್ಸಲ್ಲಿ ಏನಿದೆಯೋ ಆ ಕಡೆಗೆ, ಅದಕ್ಕೆ ಐಡಿಯೋಮೋಟರ್ ಎಫೆಕ್ಟ್ ಅಂತ ಕಾರ್ಪೆಂಟರ್ ಅನ್ನೋ ಡಾಕ್ಟರು 1852ರಲ್ಲೇ ಹೆಸರಿಟ್ಟಿದ್ರು. ಮರುವರ್ಷ ಮೈಕೆಲ್ ಫ್ಯಾರಡೆ, ಕರೆಂಟಿನ ಪಾಠದಲ್ಲಿ ಬರ್ತಾರಲ್ಲ ಅವ್ರೇ, ಟೇಬಲ್ ತಾನಾಗೇ ತಿರುಗುತ್ತೆ ಅಂತ ಜನ ಹೇಳೋದನ್ನ ಪರೀಕ್ಷೆ ಮಾಡಿದ್ರು. ಟೇಬಲ್‌ಗೂ ಕೈಗೂ ನಡುವೆ ರಟ್ಟಿನ ಪದರಗಳನ್ನ ಮೆತ್ತನೆ ಅಂಟಿನಿಂದ ಜೋಡಿಸಿಟ್ರು. ಟೇಬಲ್ ಮೊದಲು ಹೋದ್ರೆ ಕೆಳಗಿನ ರಟ್ಟು ಮುಂದೆ ಸರಿದಿರ್ಬೇಕು, ಆದ್ರೆ ಮೇಲಿನದೇ ಮುಂದೆ ಸರಿದಿತ್ತು, ಅಂದ್ರೆ ಕೈಯೇ ಮೊದಲು ತಳ್ಳಿದ್ದು. ಕೂತೋರು ಯಾರೂ ಮೋಸ ಮಾಡ್ತಿರ್ಲಿಲ್ಲ. ಅವ್ರಿಗೇ ಗೊತ್ತಾಗ್ತಿರ್ಲಿಲ್ಲ. ಅದನ್ನ ಓದಿದ ದಿನ ನನ್ನಜ್ಜಿ ಎರಡನೇ ಸಲ ಹೋದಂಗಾಯ್ತು.

ಈಗ ಸಿನಿಮಾಗೆ ಬನ್ನಿ. ಆಲಿಸ್ ಬೋರ್ಡ್ ಕೆಳಗೆ ಅಯಸ್ಕಾಂತ ಕಟ್ಟಿ ಬೇರೆಯೋರಿಗೆ ಮೋಸ ಮಾಡ್ತಾಳೆ, ಪ್ರತಿಯೊಂದು ಟ್ರಿಕ್ಕೂ ಅವಳಿಗೆ ಗೊತ್ತು. ಅಂಥವಳು ಮಗಳು ಡೋರಿಸ್ ಬಾಯಿಂದ ಗಂಡ ಮಾತಾಡ್ತಿದಾನೆ ಅಂದ ಕೂಡ್ಲೇ ಕರಗಿಹೋಗ್ತಾಳೆ, ಒಂದು ಪರೀಕ್ಷೇನೂ ಮಾಡಲ್ಲ. ಪರೀಕ್ಷೆ ಮಾಡೋದು ಆ ಹೆಣ್ಮಕ್ಕಳ ಶಾಲೆಯ ಪಾದ್ರಿ ಫಾದರ್ ಟಾಮ್. ಪಾದ್ರಿ ಆಗೋಕೆ ಮುಂಚೆ ತೀರಿಕೊಂಡ ತಮ್ಮ ಹೆಂಡತಿ ಬಗ್ಗೆ ಪ್ರಶ್ನೆ ಕೇಳಿ ಮನಸ್ಸಲ್ಲಿ ಬೇಕಂತ ತಪ್ಪು ಉತ್ತರ ನೆನೆಸ್ಕೊಳ್ತಾರೆ, ಡೋರಿಸ್ ಆ ತಪ್ಪನ್ನೇ ಹೇಳ್ತಾಳೆ. ಅಂದ್ರೆ ಮಾತಾಡ್ತಿರೋದು ಆ ಹೆಂಡತೀನೂ ಅಲ್ಲ, ಈ ಗಂಡನೂ ಅಲ್ಲ, ಎದುರಿಗೆ ಕೂತೋರ ಆಸೇನ ಓದಿ ವಾಪಸ್ ಕೊಡೋ ಇನ್ನೇನೋ ಒಂದು. ನಂಗೆ ಇಡೀ ಸಿನಿಮಾದಲ್ಲಿ ಎದೆ ಧಸಕ್ ಅಂದಿದ್ದು ಇಲ್ಲಿ. ಮೂಳೆ, ಹೊಲಿದ ಬಾಯಿ ಎಲ್ಲಾ ಆಮೇಲೆ ಬರೋದು. ಕೊನೇ ಅರ್ಧ ಗಂಟೆ ಗದ್ದಲ ಅಂತೀರಲ್ಲ, ಆ ತಾಯಿಗೆ ತಾನು ಒಪ್ಪಿಕೊಂಡಿದ್ದು ಏನನ್ನ ಅಂತ ಗೊತ್ತಾಗೋದೇ ಅಲ್ಲಿ, ಅಷ್ಟರಲ್ಲಿ ಮಗಳು ಕೈಬಿಟ್ಟು ಹೋಗಿರ್ತಾಳೆ. ಅದು ಸದ್ದಿಲ್ಲದೆ ಆಗೋ ವಿಷ್ಯ ಅಲ್ಲ.

ಕಡಲತಡಿ:

ಅಕ್ಕ, ನಿಮ್ಮ ಅಜ್ಜಿ ವಿಷಯ ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

ನನ್ನದು ಒಂದು ಮಾತುಂಟು. ಈ ಸಿನಿಮಾದ ಬಗ್ಗೆ ಮಾತಾಡುವಾಗ ಕೆಲವರು ‘ಕಾಂತಾರ’ ಕೂಡ ತರ್ತಾರೆ, ಅದಕ್ಕೂ ಹೋದ ವರ್ಷ, 2025ರಲ್ಲಿ, ‘ಚಾಪ್ಟರ್ 1’ ಅಂತ ಹಿಂದಿನ ಕಥೆ ಬಂತಲ್ಲ, ಅದರಲ್ಲೂ ಮೈಮೇಲೆ ಬರುದುಂಟು, ಎರಡೂ ಒಂದೇ ಜಾತಿಯ ಪ್ರೀಕ್ವೆಲ್ ಅಂತ. ದಯವಿಟ್ಟು ಹಾಗೆ ಹೇಳಬೇಡಿ. ನಮ್ಮ ಕರಾವಳಿ ಕಡೆ ದೈವ ಬರುದು ಅಂದ್ರೆ ದೆವ್ವ ಹಿಡಿಯುದಲ್ಲ. ಕೋಲ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು, ತಲೆಮಾರಿನಿಂದ ಬಂದ ಕೆಲಸ ಅದು. ಬಣ್ಣ, ಅಣಿ (ಬೆನ್ನಿಗೆ ಕಟ್ಟುವ ದೊಡ್ಡ ಅಲಂಕಾರ), ಗಗ್ಗರ (ಕಾಲಿನ ಗೆಜ್ಜೆ), ಪಾಡ್ದನ (ದೈವದ ಕಥೆಯ ಹಾಡು), ಎಲ್ಲದಕ್ಕೂ ಕ್ರಮ ಉಂಟು. ದೈವ ಬರ್ತದೆ, ನುಡಿ ಕೊಡ್ತದೆ, ಜಗಳ ಇದ್ದರೆ ಇತ್ಯರ್ಥ ಮಾಡ್ತದೆ, ಹೋಗ್ತದೆ. ಊರೇ ಸುತ್ತ ನಿಂತಿರ್ತದೆ.

ಡೋರಿಸಿಗೆ ಇದರಲ್ಲಿ ಯಾವುದೂ ಇಲ್ಲ. ಒಂಬತ್ತು ಹತ್ತು ವರ್ಷದ ಕೂಸು, ಒಬ್ಬಳೇ ಕೂತು ಅಪ್ಪನನ್ನು ಕರೀತಾಳೆ. ಆ ಆಟದ್ದೇ ಮೂರು ನಿಯಮ, ಒಬ್ಬರೇ ಆಡಬಾರದು, ಸ್ಮಶಾನದಲ್ಲಿ ಆಡಬಾರದು, ಮುಗಿಸುವಾಗ ಗುಡ್‌ಬೈ ಹೇಳಬೇಕು. ಅವರ ಮನೆಯೇ ಸ್ಮಶಾನ ಅಂತ ಅವರಿಗೆ ಗೊತ್ತೇ ಇಲ್ಲ. ಬಂದದ್ದನ್ನು ಕಳಿಸಿಕೊಡುವವರು ಯಾರೂ ಇಲ್ಲದ ಕಡೆ ಕರೆದರೆ ಏನಾಗ್ತದೆ ಅನ್ನುದೇ ನನಗೆ ಈ ಸಿನಿಮಾದಲ್ಲಿ ಹೆದರಿಕೆ ತಂದದ್ದು. ಪಾಪ ಆ ಮಗು.

ಹುಬ್ಬಳ್ಳಿ_ರೀಲ್:

ಆ ಬೋರ್ಡಿನ ಇತಿಹಾಸನೂ ಒಂದೀಟು ಹೇಳಿಬಿಡ್ತೀನಿ. ಅದು ಯಾವ ಮಂತ್ರವಾದಿ ಮಾಡಿದ್ದೂ ಅಲ್ಲ, 1891ರಾಗ ಎಲೈಜಾ ಬಾಂಡ್ ಅನ್ನಾಂವ ಪೇಟೆಂಟ್ ತಗೊಂಡ ಮನಿಯೊಳಗಿನ ಆಟ. 1966ರಾಗ ಪಾರ್ಕರ್ ಬ್ರದರ್ಸ್ ಅನ್ನೂ ಆಟದ ಕಂಪನಿ ಕೊಂಡ್ಕೊಂಡ್ರು, ಮರುವರ್ಷ ಅವರದ ಮೊನಾಪಲಿ ಆಟಕ್ಕಿಂತ ಜಾಸ್ತಿ ಮಾರಾಟ ಆತು ಅಂತಾರ. ಅದ ನೋಡ್ರಿ 1967, ಸಿನಿಮಾದ ವರ್ಷ. 1973ರಾಗ ‘ದಿ ಎಕ್ಸಾರ್ಸಿಸ್ಟ್’ ಅನ್ನೂ ದೆವ್ವದ ಸಿನಿಮಾ ಬಂದ ಮ್ಯಾಲೆ ಜನ ಆ ಹಲಗಿ ಕಂಡ್ರ ಅಂಜಾಕ ಹತ್ತಿದ್ರು. ಅದಕ್ಕ ಆಲಿಸ್ ಅದನ್ನ ಅಂಗಡ್ಯಾಗಿಂದ ಅಷ್ಟು ಆರಾಮ ತರ್ತಾಳ, ಆ ಕಾಲಕ್ಕ ಅದು ಬರೇ ಆಟಿಗಿ ಸಾಮಾನು.

ಇದು ಹಿಡಿಸಿದವ್ರು ಇದ ಡೈರೆಕ್ಟರನ 2018ರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಸೀರೀಸ್ ನೋಡ್ರಿ. ಇಲ್ಲಿ ತಾಯಿ ಮಾಡಿದ ಎಲಿಜಬೆತ್ ರೀಸರ್, ಮಗಳು ಮಾಡಿದ ಲುಲು ವಿಲ್ಸನ್ ಇಬ್ರೂ ಅದ್ರಾಗ ಒಂದ ಪಾತ್ರ ಮಾಡ್ಯಾರ, ಶರ್ಲಿ ಅಂತ, ಸಣ್ಣಾಕಿ ಒಬ್ಬಾಕಿ, ದೊಡ್ಡಾಕಿ ಒಬ್ಬಾಕಿ.

ಇರುಳ್ಗಣ್ಣು:

ಎಲ್ರಿಗೂ ಥ್ಯಾಂಕ್ಸ್. ಮಲೆನಾಡಹೆಣ್ಣು ಅಕ್ಕ, ನೀವು ಬರೆದಿದ್ದನ್ನ ತಂಗಿಗೆ ಓದಿ ಹೇಳ್ದೆ. ಅವಳು ಫಾದರ್ ಟಾಮ್ ಪರೀಕ್ಷೆ ಮಾಡೋ ಸೀನಲ್ಲಿ ಫೋನ್ ನೋಡ್ತಾ ಇದ್ಲಂತೆ, ಈಗ ಅದೊಂದು ಹಾಕು ಅಂತಿದಾಳೆ. ಮೂರನೇ_ಬೆಂಚು ಹೇಳಿದ ಆ ಪೋಲೆಂಡಿನವನ ವಿಷ್ಯ ಮಾತ್ರ ನಂಗೂ ಒಪ್ಪಿಗೆ ಆಗ್ತಿದೆ, ಅವನ ಕಥೆಗೆ ಇನ್ನೊಂಚೂರು ಜಾಗ ಕೊಡ್ಬೇಕಿತ್ತು. ಅಂದ ಹಾಗೆ ಟೈಟಲ್ಸ್ ಎಲ್ಲಾ ಮುಗಿದ್ಮೇಲೂ ಏನೋ ಇದೆ ಅಂತಾರಲ್ಲ, ನಾವು ಮೊದಲೇ ಆಫ್ ಮಾಡಿಬಿಟ್ವಿ.

ಮೂರನೇ_ಬೆಂಚು:

ಇದೆ, ಕಾಯಿರಿ. ನಟಿ ಲಿನ್ ಶೇ ಬರ್ತಾರೆ, ಮುದುಕಿಯಾದ ಡೋರಿಸ್ ಅಕ್ಕ ಪಾಲಿನಾ ಆಗಿ, ಮೊದಲನೇ ಸಿನಿಮಾಗೆ ಅಲ್ಲೇ ಕೊಂಡಿ ಹಾಕಿದಾರೆ. ಮೊದಲು ಮಲೆನಾಡಹೆಣ್ಣು ಅಕ್ಕ ಹೇಳಿದ ಸೀನ್ ನೋಡಿ. ನಾನೂ ಇವತ್ತು ರಾತ್ರಿ ಅಲ್ಲಿಂದಾನೇ ಇನ್ನೊಂದ್ಸಲ ಹಾಕ್ತೀನಿ.